ಚೆಂಡು ಬಲಕ್ಕೆ ಹೊರಳಿದರೆ ಎಡಕ್ಕೆ ತಿರುಗಿ ನಿಲ್ಲುವುದು ಪರಿಹಾರವಲ್ಲ
ಮಾನ್ಯ ಸಂಪಾದಕರೇ,

ಹೊಸದಾಗಿ ಗಾಲ್ಫ್ ಕಲಿಯುವವರಿಗಾಗಿ ತಮ್ಮ ಕ್ರೀಡಾ ಪುಟದಲ್ಲಿ ಪ್ರಕಟವಾದ ಸಲಹೆಗಳಲ್ಲಿ, ಹೊಡೆದ ಚೆಂಡು ಬಲಕ್ಕೆ ಹೊರಳಿ ಹೋಗುವವರು, ಅಂದರೆ ‘ಸ್ಲೈಸ್’ ಆಗುವವರು, ಗುರಿಗಿಂತ ತುಸು ಎಡಕ್ಕೆ ತಿರುಗಿ ನಿಲ್ಲಬೇಕೆಂದು ಹೇಳಲಾಗಿದೆ. ಬೆಂಗಳೂರಿನ ಅದಿತಿ ಅಶೋಕ್ ಅವರು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಈ ಆಟಕ್ಕೆ ಕನ್ನಡ ಪತ್ರಿಕೆಯೊಂದು ಜಾಗ ಕೊಟ್ಟಿರುವುದು ಸಂತೋಷವೇ; ಆದರೆ ಈ ಒಂದು ಸಲಹೆ ರೋಗವನ್ನು ಹೆಚ್ಚಿಸುವಂಥದ್ದು.

ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಕ್ಲಬ್ಬಿನ, ಅಂದರೆ ಚೆಂಡು ಹೊಡೆಯುವ ಕೋಲಿನ, ಮುಖ ಎತ್ತ ನೋಡುತ್ತಿದೆ ಎಂಬುದು. ಆ ಮುಖಕ್ಕೂ ಕ್ಲಬ್ಬು ಸಾಗುವ ದಾರಿಗೂ ಇರುವ ಅಂತರವೇ ಚೆಂಡನ್ನು ಗಾಳಿಯಲ್ಲಿ ತಿರುಗಿಸುತ್ತದೆ. ಬಲಗೈ ಆಟಗಾರ ಎಡಕ್ಕೆ ತಿರುಗಿ ನಿಂತಾಗ ಭುಜಗಳೂ ಎಡಕ್ಕೆ ತೆರೆದುಕೊಳ್ಳುವುದರಿಂದ, ಕ್ಲಬ್ಬು ಹೊರಗಿನಿಂದ ಒಳಕ್ಕೆ, ಅಂದರೆ ಆಟಗಾರನ ಬದಿಗೆ, ಇನ್ನಷ್ಟು ಅಡ್ಡವಾಗಿ ಬೀಸುತ್ತದೆ. ಮುಖ ಮಾತ್ರ ಮೊದಲಿನಂತೆ ಗುರಿಯ ಕಡೆಗೋ ಅದರ ಬಲಕ್ಕೋ ತೆರೆದೇ ಇರುತ್ತದೆ. ಅಂತರ ಹಿಗ್ಗಿದಷ್ಟೂ ಚೆಂಡು ಹೆಚ್ಚು ಹೊರಳುತ್ತದೆ. ಇದೇ ಬೀಸಿನ ಹೊರಳು ಒಂಬತ್ತನೇ ಐರನ್ ಎಂಬ ಕ್ಲಬ್ಬಿನಲ್ಲಿ ಅಷ್ಟಾಗಿ ಕಾಣದೆ, ದೂರ ಹೊಡೆಯಲು ಬಳಸುವ ಡ್ರೈವರ್ ಎಂಬ ಕ್ಲಬ್ಬಿನಲ್ಲಿ ಎದ್ದು ಕಾಣುವುದು ಡ್ರೈವರಿನ ಮುಖ ಹಿಂದಕ್ಕೆ ವಾಲಿರುವ ಓರೆ ಕಡಿಮೆ ಎಂಬ ಕಾರಣಕ್ಕೆ. ಇದನ್ನರಿಯದ ನಮ್ಮ ಚಿಕ್ಕಮಗಳೂರಿನ ಕೆಲವರು ಕಾಫಿ ಮಾರಿದ ದುಡ್ಡಿನಲ್ಲಿ ಪ್ರತಿ ವರ್ಷ ಹೊಸ ಡ್ರೈವರ್ ಕೊಳ್ಳುತ್ತಾರೆ.

ತಿದ್ದಿಕೊಳ್ಳುವ ಕೆಲಸ ಹಿಡಿತದಿಂದಲೇ ಶುರುವಾಗಬೇಕು. ಎಡಗೈ ಗ್ಲೌಸಿನ ಅಂಗೈ ಬುಡದಲ್ಲಿ ಚರ್ಮ ಸವೆದು ತೂತಾಗಿದ್ದರೆ, ಹಿಡಿಯನ್ನು ಬೆರಳುಗಳಲ್ಲಿ ಹಿಡಿಯದೆ ಅಂಗೈಯಲ್ಲಿ ಹಿಡಿಯಲಾಗುತ್ತಿದೆ ಎಂದು ತಿಳಿಯಬಹುದು. ಬಗ್ಗಿ ನೋಡಿದಾಗ ಎಡಗೈಯ ಎರಡು ಮೂರು ಗೆಣ್ಣುಗಳು ಕಾಣಬೇಕು, ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಗೆರೆ ಬಲಭುಜದ ಕಡೆಗೆ ತೋರಬೇಕು. ಇಷ್ಟರಿಂದಲೇ ಎಷ್ಟೋ ಜನರಿಗೆ ಬಲಕ್ಕೆ ತೆರೆದ ಕ್ಲಬ್ಬಿನ ಮುಖ ಎಡಕ್ಕೆ ತಿರುಗಿ ಮುಚ್ಚಿಕೊಳ್ಳಲು ಅನುಕೂಲವಾಗುತ್ತದೆ.

ಬಳಿಕ ಬೀಸಿನ ದಾರಿ. ಐರನ್ನಿನಲ್ಲಿ ಹೊಡೆದಾಗ ಕಿತ್ತುಬಂದ ಹುಲ್ಲಿನ ಗುರುತು ಗುರಿಯ ಎಡಕ್ಕೆ ಓರೆಯಾಗಿದ್ದರೆ, ಕೆಳಬೀಸನ್ನು ಸೊಂಟದ ಬದಲು ಬಲಭುಜ ಆರಂಭಿಸುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಒಂದು ಗೋಣಿಚೀಲವನ್ನು ಮಡಚಿ, ಚೆಂಡಿನಿಂದ ಗೇಣು ದೂರದಲ್ಲಿ ಹೊರಬದಿಗೆ, ತುಸು ಹಿಂದಕ್ಕೆ ಇಟ್ಟು, ಅದಕ್ಕೆ ತಗಲದಂತೆ ಏಳನೇ ಐರನ್ನಿನಲ್ಲಿ ಅರ್ಧ ಬೀಸು ಬೀಸುವ ಅಭ್ಯಾಸ ಒಳ್ಳೆಯದು. ಭುಜ ಮುಂದಾದರೆ ಕ್ಲಬ್ಬು ಚೀಲಕ್ಕೆ ಬಡಿಯುತ್ತದೆ. ‘ತಲೆ ಎತ್ತಬೇಡಿ’ ಎಂದು ಪ್ರತಿಯೊಬ್ಬರೂ ಪಕ್ಕದವರಿಗೆ ಹೇಳುತ್ತಾರಾದರೂ ಸ್ಲೈಸಿಗೆ ಅದು ಮೂಲಕಾರಣವಾಗುವುದು ವಿರಳ, ಬಲವಂತವಾಗಿ ತಲೆ ತಗ್ಗಿಸಿಟ್ಟರೆ ದೇಹ ತಿರುಗುವುದಕ್ಕೇ ಅಡ್ಡಿ.

ಹೊಸ ಹಿಡಿತದಲ್ಲಿ ಆರಂಭದ ಕೆಲವು ಚೆಂಡುಗಳು ಎಡಕ್ಕೆ ತಿರುಗಬಹುದು. ಆಗ ಗಾಬರಿಯಿಂದ ಹಳೆಯ ಹಿಡಿತಕ್ಕೆ ಮರಳಬಾರದು. ಕೊಯ್ಲು ಮುಗಿಸಿದ ಬೆಳೆಗಾರರು ಮತ್ತೆ ಮೈದಾನಕ್ಕೆ ಬರುವ ದಿನಗಳು ಇವಾದ್ದರಿಂದ, ಮುಂಗಾರು ಹಿಡಿಯುವ ಮುನ್ನವೇ ಈ ತಿದ್ದುಪಡಿಯನ್ನು ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

— ಓದುಗ, ಚಿಕ್ಕಮಗಳೂರು