ಬಿಲ್ಲು ಹಿಡಿದು ಹೊರಡುವ ಮೊದಲು ಮಗಳಿಗೊಂದು ಪತ್ರ

ಮುದ್ದು ಮಗಳೇ,

ಈ ಸೆಪ್ಟೆಂಬರ್‌ನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ನಿನ್ನನ್ನೂ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದೇನಲ್ಲ, ಹೊರಡುವ ಮೊದಲು ನಿನಗೆ ಕೆಲವು ಸಂಗತಿ ಗೊತ್ತಿರಬೇಕು. ಈಗ ನಾನೇ ಓದಿ ಹೇಳುತ್ತೇನೆ. ಕನ್ನಡ ಓದುವುದು ಸಲೀಸಾದ ಮೇಲೆ ನೀನೇ ಇನ್ನೊಮ್ಮೆ ಓದಿಕೋ.

ಅಜ್ಜಿ ತೀರ್ಥಹಳ್ಳಿಯಿಂದ ಫೋನ್ ಮಾಡಿದಾಗ ಕೇಳಿದರು: "ಅಲ್ಲ ಕಣೇ, ಏಳು ವರ್ಷದ ಮಗೀಗೆ ರಕ್ತ ತೋರಿಸ್ತೀಯಾ?" ಅಜ್ಜಿಗೆ ಬೇಟೆ ಹೊಸದಲ್ಲ. ಅವರ ಅಪ್ಪ, ನಿನ್ನ ಮುತ್ತಜ್ಜ, ಕೋವಿ ಹಿಡಿದು ಮರಸಿನಲ್ಲಿ, ಅಂದರೆ ಪ್ರಾಣಿಗೆ ಕಾಣದ ಮರೆಯಲ್ಲಿ, ಕೂರುತ್ತಿದ್ದವರು. ಹಂದಿಯೋ ಕಡವೆಯೋ ಬಿದ್ದರೆ ಕೇರಿಯ ಮನೆಮನೆಗೂ ಪಾಲು ಹೋಗುತ್ತಿತ್ತಂತೆ. ಹೆಣ್ಣುಮಕ್ಕಳ ಪಾಲಿಗೆ ಬರುತ್ತಿದ್ದುದು ಮಾತ್ರ ಒಲೆಯ ಮುಂದಿನ ಕೆಲಸ. ಪ್ರಾಣಿ ಹೇಗೆ ಸತ್ತಿತು ಎಂದು ಅವರು ಕಂಡಿದ್ದೇ ಇಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮುತ್ತಜ್ಜ ಮಾಡುತ್ತಿದ್ದುದನ್ನು ಇವತ್ತು ಮಲೆನಾಡಿನಲ್ಲಿ ಯಾರಾದರೂ ಮಾಡಿದರೆ ಅದು ಅಪರಾಧ. ಆ ಕಾನೂನು ಬೇಕಾಗಿತ್ತು, ಬಂದದ್ದು ಒಳ್ಳೆಯದಾಯಿತು ಎಂದೇ ನನ್ನ ನಂಬಿಕೆ. ಊರಿಗೆ ಹೋದಾಗ ಯಾರಾದರೂ ಕದ್ದು ಹೊಡೆದ ಕಾಡಿನ ಮಾಂಸ ತಂದುಕೊಟ್ಟರೆ ನಾವು ಮುಟ್ಟುವುದಿಲ್ಲ.

ನಾವಿರುವ ಅಮೆರಿಕದ ಕೊಲೊರಾಡೋ ರಾಜ್ಯದ ಕಥೆ ಬೇರೆ. ಇಲ್ಲೂ ಒಂದು ಕಾಲದಲ್ಲಿ ಮಾಂಸ ಮಾರುವವರು ಮಿತಿಯಿಲ್ಲದೆ ಹೊಡೆದು ಎಲ್ಕ್ ಸಂತತಿಯನ್ನೇ ಹೆಚ್ಚುಕಡಿಮೆ ಅಳಿಸಿಬಿಟ್ಟಿದ್ದರು. 1913 ಮತ್ತು 1914ರಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಿಂದ ಎಲ್ಕ್‌ಗಳನ್ನು ಹಿಡಿದು ತಂದು ಇಲ್ಲಿನ ಎಸ್ಟೆಸ್ ಪಾರ್ಕ್ ಊರಿನ ಬಳಿ ಬಿಡಬೇಕಾಯಿತು. ಇವತ್ತು ಈ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್ ಇವೆ. ಎಷ್ಟು ಲೈಸೆನ್ಸ್, ಯಾವ ಭಾಗದಲ್ಲಿ, ಗಂಡಿಗೋ ಹೆಣ್ಣಿಗೋ ಎಂಬುದೆಲ್ಲ ವರ್ಷವರ್ಷವೂ ಲೆಕ್ಕ ಹಾಕಿ ಗೊತ್ತುಮಾಡುತ್ತಾರೆ. ನಾನು ಬಿಲ್ಲು, ಬಾಣ ಕೊಂಡಾಗ ಕೊಟ್ಟ ಬೆಲೆಯಲ್ಲಿ ಒಂದು ತೆರಿಗೆಯೂ ಸೇರಿದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಆ ಹಣ ಕಾಡುಪ್ರಾಣಿಗಳ ಸಂರಕ್ಷಣೆಗೆ ಹೋಗುತ್ತದೆ. ಹೊಡೆದ ಮಾಂಸವನ್ನು ಮಾರುವಂತಿಲ್ಲ, ತಿನ್ನಲು ಬರುವ ಭಾಗವನ್ನು ಕಾಡಿನಲ್ಲೇ ಬಿಟ್ಟು ಬರುವಂತೆಯೂ ಇಲ್ಲ. ಇವೆರಡು ನಿಯಮ ಮುತ್ತಜ್ಜನಿಗೂ ಒಪ್ಪಿಗೆಯಾಗುತ್ತಿದ್ದವು.

ನೀನು ಬಿಲ್ಲು ಹಿಡಿಯುವುದಿಲ್ಲ. ಈ ರಾಜ್ಯದಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ 12 ವರ್ಷ ತುಂಬಿರಬೇಕು. ಬಿಲ್ಲು ಎಳೆಯಲು ಕನಿಷ್ಠ 35 ಪೌಂಡ್ ಬಲ ಬೇಡುವಂತಿರಬೇಕು ಎಂಬ ನಿಯಮವೂ ಇದೆ. ಅಷ್ಟಿಲ್ಲದಿದ್ದರೆ ಬಾಣ ಪಕ್ಕೆಲುಬು ದಾಟಿ ಒಳಗೆ ಹೋಗದೆ ಪ್ರಾಣಿ ಸುಮ್ಮನೆ ನರಳುತ್ತದೆ. ನಿನ್ನ ತೋಳಿಗೆ ಆ ಶಕ್ತಿ ಬರಲು ಇನ್ನೂ ವರ್ಷಗಳು ಬೇಕು. ಅವಸರವೇನೂ ಇಲ್ಲ.

ನಿನಗೊಂದು ಕೆಲಸ ಇಟ್ಟಿದ್ದೇನೆ, ಗಾಳಿ ನೋಡುವ ಕೆಲಸ. ಪುಡಿ ತುಂಬಿದ ಪುಟ್ಟ ಬಾಟಲಿ ನಿನ್ನ ಕೈಯಲ್ಲಿರುತ್ತದೆ. ಒಮ್ಮೆ ಒತ್ತಿದರೆ ಒಂದು ಚಿಟಿಕೆ ಪುಡಿ ಹಾರಿ ಗಾಳಿ ಯಾವ ಕಡೆಗೆ ಹೋಗುತ್ತಿದೆ ಎಂದು ತೋರಿಸುತ್ತದೆ. ನಾವು ಎಲ್ಕ್‌ನ ಕಣ್ಣಿಗೆ ಬಿದ್ದರೂ ಅದು ಒಂದೊಂದು ಸಲ ನಿಂತು ನೋಡೀತು, ಮೂಗಿಗೆ ಮನುಷ್ಯನ ವಾಸನೆ ತಾಗಿದರೆ ಮಾತ್ರ ಆ ದಿನ ಮುಗಿದಂತೆಯೇ. ನಾವು ಹೋಗುವ ಗ್ರ್ಯಾಂಡ್ ಮೇಸಾ ಎಂಬ ಚಪ್ಪಟೆ ತಲೆಯ ಬೆಟ್ಟದ ಮೇಲೆ, 10,000 ಅಡಿ ಎತ್ತರದಲ್ಲಿ, ಗಾಳಿಗೂ ಒಂದು ದಿನಚರಿ ಇದೆ. ಬೆಳಗಿನ ಜಾವ ತಂಪು ಗಾಳಿ ಭಾರವಾಗಿ ಇಳಿಜಾರಿನುದ್ದಕ್ಕೂ ಕೆಳಗಿಳಿಯುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದೇ ಗಾಳಿ ತಿರುಗಿ ಮೇಲಕ್ಕೆ ಹತ್ತುತ್ತದೆ. ತಿರುಗುವ ಆ ಹೊತ್ತು ತುಂಬ ನಾಜೂಕು: ಈ ಕಡೆ, ಆ ಕಡೆ, ಸುತ್ತಲೂ ಸುಳಿಯುತ್ತದೆ. ಆಗ ನೀನು ನಿಮಿಷ ನಿಮಿಷಕ್ಕೂ ನೋಡುತ್ತಿರಬೇಕು. ಗಾಳಿ ನಮ್ಮ ಬೆನ್ನಿಗೆ ಬಂತು ಎಂದು ಕೈಸನ್ನೆ ಮಾಡಿದರೆ ನಾವಿಬ್ಬರೂ ಎದ್ದು ಬೇರೆ ದಾರಿ ಹಿಡಿಯುತ್ತೇವೆ. ಎಲ್ಕ್ ಎಷ್ಟೇ ಹತ್ತಿರವಿದ್ದರೂ ಸರಿ.

ಹತ್ತಿರ ಎಂದರೆ ನಿಜವಾಗಿಯೂ ಹತ್ತಿರ. ರೈಫಲ್ ಹಿಡಿದವರು ಮುನ್ನೂರು ಗಜದಾಚೆಯಿಂದಲೂ ಹೊಡೆಯುತ್ತಾರೆ. ನನಗೆ ಮೂವತ್ತು ಗಜದೊಳಗೆ ಬರಬೇಕು. ಸೆಪ್ಟೆಂಬರ್ ಎಲ್ಕ್‌ಗಳಿಗೆ ಬೆದೆಯ ಕಾಲ, ಗಂಡು ಕೂಗುತ್ತದೆ. ತಗ್ಗು ದನಿಯಲ್ಲಿ ಶುರುವಾಗಿ ಸೀಟಿಯಷ್ಟು ಮೇಲಕ್ಕೆ ಏರಿ, ಕೊನೆಗೆ ಹೊಟ್ಟೆಯಿಂದ ಬರುವ ಗುಟುರಿನಲ್ಲಿ ನಿಲ್ಲುತ್ತದೆ. ಮೊದಲ ಸಲ ಹತ್ತಿರದಿಂದ ಕೇಳಿದಾಗ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ನನಗೆ ಈಗಲೂ ಹಾಗೇ. ಹೆಣ್ಣಿನ ದನಿಯನ್ನು ಊದಿ ಕರೆಯುವ ಪೀಪಿಯನ್ನು ಮನೆಯಲ್ಲಿ ನೀನು ನನಗಿಂತ ಚೆನ್ನಾಗಿ ಊದುತ್ತೀಯ. ಅಲ್ಲೂ ನೀನೇ ಊದು.

ಈಗ ಅಜ್ಜಿಯ ಪ್ರಶ್ನೆಗೆ ಬರುತ್ತೇನೆ.

ಬಾಣ ಗುಂಡಿನಂತೆ ಕೆಡವುವುದಿಲ್ಲ. ಅದರ ತುದಿಯಲ್ಲಿರುವುದು ಕ್ಷೌರದ ಬ್ಲೇಡಿನಷ್ಟು ಹರಿತವಾದ ಅಲಗು. ಅದು ಶ್ವಾಸಕೋಶವನ್ನು ಕೊಯ್ಯುತ್ತದೆ, ರಕ್ತ ಹರಿಯುತ್ತದೆ. ಸರಿಯಾದ ಜಾಗಕ್ಕೆ ಬಿದ್ದರೂ ಪ್ರಾಣಿ ಒಂದಿಷ್ಟು ದೂರ ಓಡಿಯೇ ಬೀಳುವುದು. ನಾವು ತಕ್ಷಣ ಹಿಂದೆ ಓಡುವಂತಿಲ್ಲ. ಬೆನ್ನಟ್ಟಿದರೆ ಅದು ಹೆದರಿ ಇನ್ನೂ ದೂರ ಹೋಗುತ್ತದೆ. ಅರ್ಧ ಗಂಟೆ ಸುಮ್ಮನೆ ಕೂರಬೇಕು. ಬಾಣ ಹೊಟ್ಟೆಯ ಭಾಗಕ್ಕೆ ತಗುಲಿದ್ದರೆ ಹಲವು ಗಂಟೆ ಕಾಯಬೇಕಾಗುತ್ತದೆ. ಎಷ್ಟು ಹುಡುಕಿದರೂ ಸಿಗದೆ ಹೋಗುವುದೂ ಉಂಟು. ಬಿಲ್ಲಿನ ಬೇಟೆಯಲ್ಲಿ ಇದು ಎಲ್ಲಕ್ಕಿಂತ ಕಷ್ಟದ ಸತ್ಯ, ಇದನ್ನು ನಿನ್ನಿಂದ ಮುಚ್ಚಿಟ್ಟು ಕರೆದೊಯ್ಯಲಾರೆ.

ಆ ಅರ್ಧ ಗಂಟೆ ನೀನು ನನ್ನ ತೊಡೆಯ ಮೇಲೆ ಕೂರಬಹುದು. ಅಳು ಬಂದರೆ ಅಳು. ಏನು ಕೇಳಬೇಕೆನಿಸುತ್ತದೋ ಪಿಸುದನಿಯಲ್ಲಿ ಕೇಳು. "ಅದಕ್ಕೆ ನೋವಾಯ್ತಾ ಅಮ್ಮ?" ಎಂದು ಕೇಳಿದರೆ ಹೌದು ಎಂದೇ ಹೇಳುತ್ತೇನೆ. ನಾವು ಅಂಗಡಿಯಿಂದ ತರುವ ಕೋಳಿಗೂ ನೋವಾಗಿರುತ್ತದೆ. ಅದನ್ನು ನೋಡುವ ಕೆಲಸ ಬೇರೆಯವರ ಪಾಲಿಗೆ ಹೋಗಿರುತ್ತದೆ ಅಷ್ಟೆ. ನಮ್ಮ ಮನೆಯಲ್ಲಿ ಮಾಂಸ ತಿನ್ನುತ್ತೇವೆ. ತಿನ್ನುವವಳಿಗೆ ಅದು ಎಲ್ಲಿಂದ ಬಂತು ಎಂದು ತಿಳಿದುಕೊಳ್ಳುವ ಹಕ್ಕಿದೆ, ಏಳು ವರ್ಷವಾದರೂ.

ಇನ್ನೊಂದು ಮಾತು, ಇದನ್ನು ಮರೆಯಬೇಡ. ನಾನು ಹೆದೆ ಎಳೆದು ನಿಂತಾಗಲೂ, "ಬೇಡ ಅಮ್ಮ" ಎಂದು ನಿನಗೆ ಅನ್ನಿಸಿದರೆ ನನ್ನ ಅಂಗಿಯ ಚುಂಗು ಎಳೆ. ಕಾರಣ ಕೇಳುವುದಿಲ್ಲ. ಹೆದೆಯನ್ನು ಮೆಲ್ಲಗೆ ಸಡಿಲಿಸಿ ಬಾಣ ಇಳಿಸುತ್ತೇನೆ. ಮನೆಗೆ ಬಂದ ಮೇಲೂ ಅದಕ್ಕಾಗಿ ಬೇಸರ ಮಾಡಿಕೊಳ್ಳುವುದಿಲ್ಲ, ಅಪ್ಪನ ಮುಂದೆ ಆಡಿಕೊಳ್ಳುವುದೂ ಇಲ್ಲ. ಹಾಗೆಯೇ ಎಲ್ಕ್ ನಮಗೆ ಅಡ್ಡಡ್ಡ ನಿಂತು ಪಕ್ಕೆ ತೋರಿಸದಿದ್ದರೆ, ನಡುವೆ ಒಂದು ರೆಂಬೆ ಅಡ್ಡವಿದ್ದರೂ, ನಾನು ಬಾಣ ಬಿಡುವುದಿಲ್ಲ. ನೀನು ಪಕ್ಕದಲ್ಲಿರುವಾಗ ಇದರಲ್ಲಿ ಇನ್ನೂ ಬಿಗಿಯಾಗಿರುತ್ತೇನೆ. ಒಂದೂ ಬಾಣ ಬಿಡದೆ ತಿರುಗಿ ಬರುವ ಸಾಧ್ಯತೆಯೇ ಹೆಚ್ಚು. ಆದರೂ ಆಸ್ಪೆನ್ ಮರದ ಎಲೆ ಹಳದಿಗೆ ತಿರುಗುವುದನ್ನು, ಎಲ್ಕ್ ಕೆಸರಿನಲ್ಲಿ ಹೊರಳಾಡಿದ ಗುಂಡಿಯನ್ನು, ಕೊಂಬು ಉಜ್ಜಿ ತೊಗಟೆ ಸುಲಿದ ಮರಗಳನ್ನು ನೀನು ನೋಡಿರುತ್ತೀಯ.

ಎಲ್ಕ್ ಬಿದ್ದರೆ ಕೆಲಸ ಬೆಟ್ಟದಷ್ಟು. ದೊಡ್ಡ ಗಂಡು ಮುನ್ನೂರು ಕಿಲೋ ತೂಗುತ್ತದೆ. ಅಲ್ಲೇ ಚರ್ಮ ಸುಲಿದು, ತೊಡೆ, ಮುಂಗಾಲು, ಬೆನ್ನಿನ ಮಾಂಸ ಬಿಡಿಸಿ, ಬಟ್ಟೆಯ ಚೀಲಕ್ಕೆ ಹಾಕಿ ನೆರಳಿನಲ್ಲಿ ತೂಗುಹಾಕಿ ಹಂತಹಂತವಾಗಿ ಹೊರಬೇಕು. ಅಪ್ಪನೂ ಬರುತ್ತಾರೆ. ಚೀಲದ ಬಾಯಿ ಹಿಡಿಯುವುದು ನಿನ್ನ ಕೆಲಸ. ಮೊದಲ ಅಡುಗೆ ಕಾರ ಕಡೆದು ಮಾಡಿದ ಸಾರು, ಜೊತೆಗೆ ಅಕ್ಕಿ ಕಡುಬು; ಮುತ್ತಜ್ಜನ ಮನೆಯ ಲೆಕ್ಕದಂತೆ ಪಕ್ಕದ ಮನೆಗಳಿಗೂ ಪಾಲು ಹೋಗುತ್ತದೆ.

ಶುಕ್ರವಾರ ಸಂಜೆಯೇ ಚೀಲ ಕಟ್ಟಿಡೋಣ. ಉಣ್ಣೆಯ ಒಳ ಅಂಗಿ, ಒಣ ಕಾಲುಚೀಲ ಎರಡು ಜೊತೆ, ಮಳೆ ಕೋಟು. ಮಧ್ಯಾಹ್ನದ ಮೇಲೆ ಅಲ್ಲಿ ಸಿಡಿಲಿನ ಮಳೆ ಬರುವುದುಂಟು, ಮೋಡ ಕಪ್ಪಾದರೆ ದಿಬ್ಬದ ಮೇಲಿಂದ ಇಳಿದುಬಿಡುತ್ತೇವೆ. ನಿನ್ನ ಹೊಳೆಯುವ ಗುಲಾಬಿ ಬಣ್ಣದ ಜಾಕೆಟ್ ಹಾಕಿಕೊಳ್ಳಲೇಬೇಕು. ಎಲ್ಕ್ ಕಣ್ಣಿಗೆ ಆ ಬಣ್ಣ ನಮಗೆ ಕಂಡಷ್ಟು ಎದ್ದು ಕಾಣುವುದಿಲ್ಲ, ಬೇರೆ ಬೇಟೆಗಾರರಿಗೆ ಮಾತ್ರ ದೂರದಿಂದಲೇ ಕಾಣುತ್ತದೆ. ಚಳಿಯಾದರೆ, ಹಸಿವಾದರೆ, ಸಾಕಾದರೆ ಆಗಲೇ ಹೇಳು, ತಡೆದುಕೊಂಡು ಕೂರಬೇಡ. ಚಕ್ಕುಲಿಯನ್ನು ಮಾತ್ರ ಕಾರಿನಲ್ಲೇ ತಿಂದು ಮುಗಿಸು, ಅದನ್ನು ಕಡಿದರೆ ಇಡೀ ಕಾಡಿಗೆ ಕೇಳಿಸುತ್ತದೆ. ಮರಸಿನಲ್ಲಿ ತಿನ್ನಲು ಬಾಳೆಹಣ್ಣು ಇಟ್ಟಿರುತ್ತೇನೆ.

ಪ್ರೀತಿಯಿಂದ,
ಅಮ್ಮ