ಜೀವ ಬಾಯಿಗೆ ಬಂದಾಗ ಇಂಗ್ಲಿಷ್‌ನಲ್ಲಿ ಏನನ್ನುವೆ?

ಪ್ರೀತಿಯ ಪುಟ್ಟಿ,

ನಿನ್ನ ಇಂಗ್ಲಿಷ್ ಪತ್ರವನ್ನು ಎರಡು ಸಲ ಓದಿದೆ. ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಆದರೆ ಸಂದರ್ಶನದ ದಿನ ನೀನು ‘ವೆರಿ ನರ್ವಸ್’, ಕೆಲಸ ಸಿಕ್ಕಾಗ ‘ವೆರಿ ಹ್ಯಾಪಿ’, ಗೆಳತಿ ದೂರ ಹೋದಾಗ ‘ವೆರಿ ಸ್ಯಾಡ್’. ಕನ್ನಡದಲ್ಲಾದರೆ ಎದೆ ಢವಢವ ಅಂತಿತ್ತು ಅನ್ನುತ್ತೀಯ, ಗಂಟಲು ಕಟ್ಟಿ ಬಂತು ಅನ್ನುತ್ತೀಯ. ಹಾಗೆ ಮಾತಾಡುವ ಹುಡುಗಿ ಈ ಪತ್ರದಲ್ಲಿ ನನಗೆ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ನುಡಿಗಟ್ಟಿಗೆ ಅಲ್ಲೂ ಜೋಡಿ ಇರುತ್ತದೆ, ಹುಡುಕು. ‘ಮೈ ಹಾರ್ಟ್ ವಾಸ್ ಇನ್ ಮೈ ಮೌತ್’ ಅಂದರೆ ನಮ್ಮ ಜೀವ ಬಾಯಿಗೆ ಬಂದದ್ದೇ. ‘ಎ ಲಂಪ್ ಇನ್ ಮೈ ಥ್ರೋಟ್’ ಅಂದರೆ ಗಂಟಲು ಕಟ್ಟಿದ್ದೇ. ಆದರೆ ಎಲ್ಲಕ್ಕೂ ಸಿಗುವುದಿಲ್ಲ. ಹೊಟ್ಟೆ ಉರಿಯಿತು ಅನ್ನುವುದನ್ನು ಪದಕ್ಕೆ ಪದ ಇಟ್ಟು ಹೇಳಿದರೆ ಕೇಳಿದವರು ಹೊಟ್ಟೆನೋವು ಅಂದುಕೊಳ್ಳುತ್ತಾರೆ. ಅಲ್ಲಿ ಅಸೂಯೆ ಹೊಟ್ಟೆಯಲ್ಲಿ ಉರಿಯುವುದಿಲ್ಲ, ಅದಕ್ಕೆ ಹಸಿರು ಬಣ್ಣವಿದೆ: ‘ಗ್ರೀನ್ ವಿತ್ ಎನ್ವಿ’.

ಹತ್ತಿರ ಹತ್ತಿರದ ಎರಡು ಮಾತು ಒಂದೇ ಅಲ್ಲ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ಸಲ ಸಭೆಯಲ್ಲಿ ಮಾತಾಡಬೇಕಿತ್ತು. ಹಿಂದಿನ ರಾತ್ರಿ ಆಯೋಜಕರಿಗೆ ‘ಐ ಹ್ಯಾವ್ ಕೋಲ್ಡ್ ಫೀಟ್’ ಅಂತ ಬರೆದೆ. ಸ್ವಲ್ಪ ಅಳುಕು ಅನ್ನುವುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಬೆಳಗ್ಗೆ ಹೋದರೆ ನನ್ನ ಸರದಿ ಬೇರೆಯವರಿಗೆ ಕೊಟ್ಟಾಗಿತ್ತು! ‘ಕೋಲ್ಡ್ ಫೀಟ್’ ಅಂದರೆ ಹೆದರಿ ಹಿಂದೆ ಸರಿಯುವುದು. ನಾನು ಹೇಳಬೇಕಿದ್ದದ್ದು ‘ಬಟರ್‌ಫ್ಲೈಸ್ ಇನ್ ಮೈ ಸ್ಟಮಕ್’. ಹೊಟ್ಟೆಯಲ್ಲಿ ಚಿಟ್ಟೆ ಹಾರಾಡುತ್ತಿದ್ದರೂ ವೇದಿಕೆ ಹತ್ತಬಹುದು, ಅಲ್ವಾ?

ಆದ್ದರಿಂದ ಅರ್ಥ ಉರು ಹೊಡೆಯಬೇಡ, ಚಿತ್ರ ನೋಡು. ‘ಫ್ಲೈ ಆಫ್ ದ ಹ್ಯಾಂಡಲ್’ ಅನ್ನುವಾಗ ಬೀಸಿದ ಕೊಡಲಿಯ ತಲೆ ಹಿಡಿಯಿಂದ ಕಳಚಿ ಹಾರುತ್ತದೆ. ಥಟ್ಟನೆ ಬಂದ ಸಿಟ್ಟು ಅದು, ಯಾರಿಗೆ ತಗಲುತ್ತದೋ ಗೊತ್ತಿಲ್ಲ. ‘ಅಟ್ ದ ಎಂಡ್ ಆಫ್ ಮೈ ಟೆದರ್’ನಲ್ಲಿ ಗೂಟಕ್ಕೆ ಕಟ್ಟಿದ ದನ ಹಗ್ಗ ಮುಗಿಯುವವರೆಗೆ ಮೇಯ್ದಿದೆ. ಮುಂದೆ ಹುಲ್ಲು ಕಾಣುತ್ತದೆ, ಹಗ್ಗ ಬಿಡುವುದಿಲ್ಲ. ಇದು ಸಿಟ್ಟಲ್ಲ, ತಾಳಿ ತಾಳಿ ಸೋತದ್ದು. ಒಂದರ ಜಾಗಕ್ಕೆ ಇನ್ನೊಂದನ್ನು ಹೇಗೆ ಹಾಕುವುದು?

ಹಾಗಂತ ಸುಮ್ನೆ ಪೇರಿಸಬೇಡ. ಒಂದು ಸಂತೋಷಕ್ಕೆ ‘ಓವರ್ ದ ಮೂನ್’ ಸಾಕು, ಜೊತೆಗೆ ‘ಕ್ಲೌಡ್ ನೈನ್’ ಬೇಡ. ಸಾವಿನ ಮನೆಗೆ ಬರೆಯುವಾಗ ಯಾವುದೂ ಬೇಡ, ಸಾದಾ ಮಾತೇ ಇರಲಿ.

ಕೊನೆಗೊಂದು ನಿನಗಾಗಿಯೇ ಎತ್ತಿಟ್ಟದ್ದು: ‘ವೇರ್ ಯುವರ್ ಹಾರ್ಟ್ ಆನ್ ಯುವರ್ ಸ್ಲೀವ್’. 1622ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್‌ನ ‘ಒಥೆಲೋ’ದಲ್ಲಿ ಮೋಸಗಾರ ಇಯಾಗೊ ಈ ಮಾತು ಆಡುತ್ತಾನೆ. ಹೃದಯವನ್ನು ತೋಳಿನ ಮೇಲೆ ಧರಿಸಿದರೆ ಹಕ್ಕಿಗಳು ಕುಕ್ಕುತ್ತವೆ ಅನ್ನುವುದು ಅವನ ಲೆಕ್ಕ. ಇವತ್ತು ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡದವರಿಗೆ ಅದೇ ಮಾತು ಹೇಳುತ್ತಾರೆ. ನೀನು ಅಂಥವಳು.

ಗೆಳತಿಯನ್ನು ಬೀಳ್ಕೊಟ್ಟ ಆ ಪ್ಯಾರಾ ಇದೆಯಲ್ಲ, ಅದನ್ನು ಮತ್ತೆ ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅತ್ತೆ