ಸ್ತನ ಕ್ಯಾನ್ಸರ್: ನಂಜೆಂದು ಮೀನು, ಮೊಟ್ಟೆ ಬಿಡಿಸಬೇಡಿ

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಪಥ್ಯ ಶುರುವಾಗುತ್ತದೆ. ಬಂಗಡೆ ನಂಜು, ಸೀಗಡಿ ನಂಜು, ಮೊಟ್ಟೆ ಉಷ್ಣ, ಹಾಲು ಕುಡಿದರೆ ಗಡ್ಡೆ ಬೆಳೆಯುತ್ತದೆ ಎಂದು ಒಂದೊಂದಾಗಿ ಬಿಡಿಸಿ, ಕೊನೆಗೆ ಗಂಜಿ–ಉಪ್ಪಿನಕಾಯಿ ಉಳಿಯುತ್ತದೆ. ಘಟ್ಟದ ಮೇಲೆ ಶಿರಸಿ ಕಡೆ ತಂಬುಳಿ–ಅನ್ನ. ಬಿಟ್ಟದ್ದರ ಬದಲಿಗೆ ಏನು ಕೊಡಬೇಕೆಂದು ಯಾರೂ ಕೇಳುವುದಿಲ್ಲ.

ಶಸ್ತ್ರಚಿಕಿತ್ಸೆಯ ಗಾಯ ಮಾಯುವುದಕ್ಕೆ, ಕಿಮೊ ಆದಮೇಲೆ ರಕ್ತಕಣ ಚೇತರಿಸಿಕೊಳ್ಳುವುದಕ್ಕೆ ಪ್ರೊಟೀನ್ ಬೇಕೇ ಬೇಕು. ಆರೋಗ್ಯವಂತರಿಗೆ ದಿನಕ್ಕೆ ತೂಕದ ಪ್ರತಿ ಕಿಲೊಗೆ 0.83 ಗ್ರಾಂ, ಚಿಕಿತ್ಸೆಯಲ್ಲಿರುವವರಿಗೆ 1 ಗ್ರಾಂಗಿಂತ ಹೆಚ್ಚು, ಆದರೆ 1.5ರವರೆಗೆ. ಅಂದರೆ 50 ಕಿಲೊ ತೂಗುವ ಹೆಂಗಸಿಗೆ ಕಡಿಮೆಯೆಂದರೂ 50 ಗ್ರಾಂ ಮೇಲೆ. 100 ಗ್ರಾಂ ಅಕ್ಕಿಯ ಗಂಜಿಯಲ್ಲಿ ಇರುವ ಪ್ರೊಟೀನ್ ಸುಮಾರು 8 ಗ್ರಾಂ. ಅದಕ್ಕೆ 100 ಗ್ರಾಂ ಬಂಗಡೆ (19), ಎರಡು ಮೊಟ್ಟೆ (12), ಒಂದು ಲೋಟ ಹಾಲು (6), 30 ಗ್ರಾಂ ಹೆಸರುಬೇಳೆ (7) ಸೇರಿದರೆ 52. ಮೀನು–ಮೊಟ್ಟೆ ಮುಟ್ಟದವರು ಬೇಳೆ, ಮೊಸರು, ಶೇಂಗಾ, ಸೋಯಾ ಹೆಚ್ಚಿಸಿಕೊಳ್ಳಬೇಕು. ಊಟದಲ್ಲಿ ಹಿತಮಿತವಾಗಿ ಬಳಸಿದ ಸೋಯಾಕ್ಕೆ ಹೆದರಬೇಕಾಗಿಲ್ಲ.

ಬಾಯಿ ಹುಣ್ಣಾಗಿದ್ದರೆ ಮೆಣಸು, ಹುಳಿ ಬಿಟ್ಟು, ಮೀನನ್ನು ಕಾಯಿಹಾಲು–ಅರಿಶಿನದಲ್ಲಿ ಬೇಯಿಸಿ, ಮುಳ್ಳು ತೆಗೆದು, ಉಗುರುಬೆಚ್ಚಗಿನ ಮೆತ್ತನೆ ಗಂಜಿಗೆ ಕಲಸಿ ಕೊಡಿ. ವಾಕರಿಕೆಯಿದ್ದಾಗ ಬಿಸಿ ಅಡುಗೆಯ ವಾಸನೆಯೇ ಆಗುವುದಿಲ್ಲ. ಊಟವನ್ನು ತಣಿಸಿ, ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪ ಕೊಡಬೇಕು. ಜೂನ್–ಜುಲೈನ ಮೀನುಗಾರಿಕೆ ನಿಷೇಧದಲ್ಲಿ ಉಪ್ಪು ತುಂಬಿದ ಒಣಮೀನಿಗಿಂತ ಮೊಟ್ಟೆ, ಬೇಳೆ ಮೇಲು.

ಬಿಡಬೇಕಾದ್ದೂ ಇದೆ, ಅದರ ಕಾರಣ ನಂಜಲ್ಲ. ಬಿಳಿ ರಕ್ತಕಣ ಇಳಿದಾಗ ಅರೆಬೆಂದ ಚಿಪ್ಪಿಕಲ್ಲು, ಹಸಿಮೊಟ್ಟೆ, ಕಾಯಿಸದ ಹಾಲು, ಹೊರಗೆ ಕತ್ತರಿಸಿಟ್ಟ ಹಣ್ಣಿನಿಂದ ಸೋಂಕು ತಗಲಬಹುದು. ಚಕ್ಕೋತ ಕೆಲವು ಔಷಧಿಗಳ ಪರಿಣಾಮವನ್ನು ಏರುಪೇರು ಮಾಡಬಲ್ಲದು. ನಾಟಿ ಕಷಾಯ ಕುಡಿಯುತ್ತಿದ್ದರೆ ವೈದ್ಯರಲ್ಲಿ ಮುಚ್ಚಿಡಬೇಡಿ. ಹಾಲು ಮಾತ್ರ ಬಿಡಿಸಬೇಡಿ: ಸ್ತನ ಕ್ಯಾನ್ಸರ್‌ನ ಹಾರ್ಮೋನ್ ಚಿಕಿತ್ಸೆಗೆ ಕೊಡುವ ಲೆಟ್ರೊಜೋಲ್ ಮಾತ್ರೆ ಮೂಳೆ ಸವೆಸುತ್ತದೆ, ಕ್ಯಾಲ್ಸಿಯಂ ಬೇಕು. ಹಾಲು ಒಗ್ಗದಿದ್ದರೆ ಮೊಸರು, ರಾಗಿ ಅಂಬಲಿ ಆದೀತು. ಸಕ್ಕರೆ ನಿಲ್ಲಿಸಿದ ಮಾತ್ರಕ್ಕೆ ಗಡ್ಡೆ ಉಪವಾಸ ಬೀಳುವುದಿಲ್ಲ. ಅನ್ನದಿಂದಲೂ ದೇಹ ಗ್ಲೂಕೋಸ್ ಮಾಡಿಕೊಳ್ಳುತ್ತದೆ.

ಅಕ್ಕನಿಗೆ ಬಂತೆಂದು ಹೆದರಿ ತಂಗಿಯೂ ಮೀನು, ಹಾಲು ಬಿಡುವುದುಂಟು. ಅದರಿಂದ ರಕ್ಷಣೆಯಿಲ್ಲ. ಮದ್ಯ ಮುಟ್ಟದಿರುವುದು, ಮುಟ್ಟು ನಿಂತ ಮೇಲೆ ತೂಕ ಏರದಂತೆ ನೋಡಿಕೊಳ್ಳುವುದು, ದಿನಾ ನಡೆಯುವುದು ನಿಜಕ್ಕೂ ಅಪಾಯ ತಗ್ಗಿಸುತ್ತವೆ.

ಚಿಕಿತ್ಸೆಯಲ್ಲಿರುವವರನ್ನು ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. 50 ಕಿಲೊ ಇದ್ದವರು ಆರು ತಿಂಗಳೊಳಗೆ ಎರಡೂವರೆ ಕಿಲೊ ಇಳಿದರೆ ಮುಂದಿನ ಕಿಮೊ ದಿನದವರೆಗೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ.

– ಇಬ್ಬರು ಆಹಾರ ತಜ್ಞೆಯರು, ಕುಮಟಾ